ಹಳೇ ಮ್ಯಾಸಿ 1035ರ ಲಿಫ್ಟ್ ಸೋತಿದೆಯಾ? ಪಂಪ್ ಕೊಳ್ಳುವ ಮೊದಲು ಇಷ್ಟು ನೋಡಿ

ಪ್ರಶ್ನೆ: ನಮ್ಮದು ಮ್ಯಾಸಿ ಫರ್ಗುಸನ್ 1035 ಟ್ರ್ಯಾಕ್ಟರ್, ಅಪ್ಪನ ಕಾಲದ್ದು. ಇಪ್ಪತ್ತೈದು ವರ್ಷ ದಾಟಿದೆ, ಎಂಜಿನ್ ಚೆನ್ನಾಗಿದೆ. ಬೆಳಿಗ್ಗೆ ಒಂಬತ್ತು ಹಲ್ಲಿನ ಕಲ್ಟಿವೇಟರ್ ಸಲೀಸಾಗಿ ಎತ್ತುತ್ತದೆ. ಮಧ್ಯಾಹ್ನದ ಹೊತ್ತಿಗೆ ರೇಸ್ ಕೊಟ್ಟರೂ ನಿಧಾನ, ರೋಟಾವೇಟರ್ ಅಂತೂ ಅರ್ಧಕ್ಕೇ ನಿಂತುಬಿಡುತ್ತದೆ. ಎತ್ತಿಟ್ಟು ಎಂಜಿನ್ ಬಂದ್ ಮಾಡಿದರೆ ಸ್ವಲ್ಪ ಹೊತ್ತಿನಲ್ಲೇ ನೆಲಕ್ಕೆ ಕೂರುತ್ತದೆ. ಮೇಸ್ತ್ರಿ ಪಂಪ್ ಹೋಗಿದೆ, ಹೊಸದೇ ಹಾಕಬೇಕು ಅಂತಾರೆ. ಇನ್ನೊಬ್ಬರು 140 ನಂಬರ್ ಆಯಿಲ್ ಸುರಿದರೆ ಸಾಕು ಅಂತಾರೆ. ಯಾವುದು ಮಾಡಲಿ?

ಉತ್ತರ: ಸದ್ಯಕ್ಕೆ ಎರಡೂ ಬೇಡ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ತಣ್ಣಗಿದ್ದಾಗ ಎತ್ತುತ್ತದೆ, ಬಿಸಿಯಾದ ಮೇಲೆ ಸೋಲುತ್ತದೆ ಅಂದರೆ ಒಳಗೆ ಎಲ್ಲೋ ಆಯಿಲ್ ಸೋರುತ್ತಿದೆ ಅಂತ ಅರ್ಥ. ಬಿಸಿಯಾದಾಗ ಆಯಿಲ್ ತೆಳ್ಳಗಾಗಿ ಅದೇ ಸಂದಿಯಲ್ಲಿ ಜಾಸ್ತಿ ನುಸುಳುತ್ತದೆ. ಎಂಜಿನ್ ಬಂದ್ ಮಾಡಿದ ಮೇಲೂ ಕೆಳಗೆ ಕೂರುತ್ತದೆ ಅನ್ನುವುದು ಇನ್ನೂ ದೊಡ್ಡ ಸುಳಿವು. ಆಗ ಪಂಪ್ ತಿರುಗುತ್ತಲೇ ಇಲ್ಲ, ಎತ್ತುವ ಕೆಲಸ ಮುಗಿದಿದೆ. ಹಿಡಿದಿಟ್ಟುಕೊಳ್ಳುವ ಕೆಲಸ ಮಾತ್ರ ನಡೆಯುತ್ತಿದೆ, ಅದನ್ನು ಮಾಡುವುದು ಲಿಫ್ಟ್ ಸಿಲಿಂಡರಿನ ಪಿಸ್ಟನ್, ಸ್ಟ್ಯಾಂಡ್ ಪೈಪಿನ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ), ಒತ್ತಡ ಮಿತಿ ಮೀರಿದರೆ ಆಯಿಲ್ ಹೊರಬಿಡುವ ರಿಲೀಫ್ ವಾಲ್ವ್, ಲಿವರ್ ಹೇಳಿದಂತೆ ಕೇಳುವ ಕಂಟ್ರೋಲ್ ವಾಲ್ವ್ ಮತ್ತು ಪಂಪಿನ ಔಟ್‌ಲೆಟ್ ವಾಲ್ವ್‌ಗಳು. ಕೊನೆಯ ಎರಡು ಪಂಪಿನ ಮೈಯಲ್ಲೇ ಇರುವುದರಿಂದ ನಿಮ್ಮ ಮೇಸ್ತ್ರಿ ಹೇಳಿದ್ದು ಪೂರ್ತಿ ಸುಳ್ಳು ಅನ್ನಲಾರೆ. ಆದರೆ ಬಿಚ್ಚಿ ನೋಡದೆ ಹೊಸ ಪಂಪ್ ಹಾಕಿ, ಹಳೇ ಓ-ರಿಂಗ್ ಹಾಗೇ ಬಿಟ್ಟರೆ ದುಡ್ಡೂ ಹೋಗುತ್ತದೆ, ರೋಟಾವೇಟರೂ ಏಳುವುದಿಲ್ಲ.

ಈ ಗಾಡಿಯ ಲಿಫ್ಟ್ ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಸಲ ತಿಳಿದುಕೊಂಡರೆ ಮುಂದಿನದು ಸುಲಭ. ಚೆನ್ನೈನಲ್ಲಿ 1960ರಲ್ಲಿ ಶುರುವಾದ ಟಾಫೆ ಕಂಪನಿ ಮಾಡಿದ 1035ರ ಒಳಗಿರುವುದು 1950ರ ದಶಕದ ಮ್ಯಾಸಿ 35ರ ಲಿಫ್ಟ್ ಪದ್ಧತಿಯೇ. ಅದರ ಬೇರು ಹ್ಯಾರಿ ಫರ್ಗುಸನ್ ಅವರ, ಮಣ್ಣಿನ ಎಳೆತಕ್ಕೆ ತಕ್ಕಂತೆ ಉಪಕರಣವನ್ನು ತಾನಾಗಿ ಏರಿಸಿ ಇಳಿಸುವ ಡ್ರಾಫ್ಟ್ ಕಂಟ್ರೋಲ್‌ನಲ್ಲಿದೆ. ಬೇರೆ ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಎಂಜಿನ್ ಪಕ್ಕದಲ್ಲಿ ಗೇರ್ ಪಂಪ್ ಇರುತ್ತದೆ, ಪೈಪ್ ಹೊರಗೆ ಕಾಣುತ್ತದೆ, ಸೋರಿದರೆ ನೆಲದ ಮೇಲೆ ಗೊತ್ತಾಗುತ್ತದೆ. ಇಲ್ಲಿ ಹಾಗಲ್ಲ. ನಿಮ್ಮ ಸೀಟಿನ ಕೆಳಗೆ, ಗೇರ್ ಬಾಕ್ಸಿನ ಹಿಂದಿನ ಹೌಸಿಂಗ್‌ನಲ್ಲಿ, ನಾಲ್ಕು ಪಿಸ್ಟನ್ನಿನ ಪಂಪ್ ಆಯಿಲ್‌ನಲ್ಲೇ ಮುಳುಗಿ ಕೂತಿರುತ್ತದೆ. ಗೇರಿಗೂ ಅದೇ ಆಯಿಲ್, ಲಿಫ್ಟಿಗೂ ಅದೇ ಆಯಿಲ್. ಕಂಟ್ರೋಲ್ ವಾಲ್ವ್ ಇರುವುದು ಆಯಿಲ್ ಹೀರುವ ಬದಿಯಲ್ಲಿ. ಲಿವರ್ ಮೇಲೆತ್ತಿದಾಗ ಮಾತ್ರ ಪಂಪ್ ಆಯಿಲ್ ಹೀರುತ್ತದೆ, ಬೇಕಾದ ಎತ್ತರ ಬಂದ ಕೂಡಲೇ ಹೀರುವುದು ನಿಲ್ಲುತ್ತದೆ. ಪಂಪಿನಿಂದ ಆಯಿಲ್ ನೇರವಾಗಿ ನಿಂತಿರುವ ಸ್ಟ್ಯಾಂಡ್ ಪೈಪ್ ಹಿಡಿದು ಲಿಫ್ಟ್ ಕವರಿಗೆ ಹೋಗಿ, ಅದರ ಕೆಳಗೆ ತೂಗುವ ಸಿಲಿಂಡರಿಗೆ ಸೇರುತ್ತದೆ. ಎಲ್ಲ ಒಳಗೇ. ಎಷ್ಟು ಸೋರಿದರೂ ಅದೇ ಹೌಸಿಂಗಿಗೆ ವಾಪಸ್ ಬೀಳುತ್ತದೆ. ಆಯಿಲ್ ಮಟ್ಟ ಒಂದು ಹನಿಯೂ ಇಳಿಯದೆ ಲಿಫ್ಟ್ ಸಾಯುವುದು ಅದಕ್ಕೇ.

ಈಗ ಪಾನಾ ಮುಟ್ಟುವ ಮೊದಲು ಮಾಡುವ ಕೆಲಸ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಲಿಫ್ಟ್ ಪೂರ್ತಿ ಇಳಿಸಿ, ಆಮೇಲೆ ಆಯಿಲ್ ಕಡ್ಡಿ ನೋಡಿ. ಎತ್ತಿಟ್ಟು ನೋಡಿದರೆ ಸಿಲಿಂಡರಿಗೆ ಹೋದ ಆಯಿಲ್ ಲೆಕ್ಕಕ್ಕೆ ಸಿಗುವುದಿಲ್ಲ. ಮಟ್ಟದಷ್ಟೇ ಬಣ್ಣವೂ ಮುಖ್ಯ. ಹಾಲು ಹಾಕಿದ ಚಹಾದಂತೆ ಕಂಡರೆ ನೀರು ಸೇರಿದೆ. ಗದ್ದೆ ಕೆಸರು ಹೊಡೆಯುವ ಗಾಡಿಗಳಲ್ಲಿ, ಮಳೆಯಲ್ಲಿ ಹೊರಗೆ ನಿಲ್ಲುವ ಗಾಡಿಗಳಲ್ಲಿ ಇದು ಬಹಳ ಮಾಮೂಲು. ನೀರಿನಿಂದ ಕಂಟ್ರೋಲ್ ವಾಲ್ವ್ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ, ಪಿಸ್ಟನ್ ಗೀರುತ್ತದೆ, ಆಮೇಲೆ ನೀವು ಏನೇ ಬದಲಿಸಿದರೂ ಅದೇ ಆಯಿಲ್ ಹೊಸ ಸಾಮಾನನ್ನೂ ತಿನ್ನುತ್ತದೆ. ಅಂಥ ಆಯಿಲ್ ಇದ್ದರೆ ಪೂರ್ತಿ ಇಳಿಸಿ. ಬೆಚ್ಚಗಿರುವಾಗಲೇ ಇಳಿಸಿದರೆ ತಳದ ಕೊಳೆಯೂ ಹೊರಗೆ ಬರುತ್ತದೆ. ಹೊಸ ಆಯಿಲ್ ಸುಮಾರು 30 ಲೀಟರ್ ಹಿಡಿಯುತ್ತದೆ, ಅಳತೆಗೆ ಕಡ್ಡಿಯನ್ನೇ ನಂಬಿ.

140 ಆಯಿಲ್ ವಿಷಯ ಇಲ್ಲೇ ಮುಗಿಸಿಬಿಡುತ್ತೇನೆ. ದಪ್ಪ ಆಯಿಲ್ ಹಾಕಿದರೆ ಸೋರುವುದು ಸ್ವಲ್ಪ ಕಡಿಮೆಯಾಗುತ್ತದೆ, ಕೆಲವು ದಿನ ಲಿಫ್ಟ್ ಚುರುಕಾಗುತ್ತದೆ, ನಿಜ. ಹಳೇ ಗಾಡಿ ಮಾರುವವರಿಗೆ ಈ ಉಪಾಯ ಚೆನ್ನಾಗಿ ಗೊತ್ತು! ಆದರೆ ಚಳಿಯ ಬೆಳಗಿನಲ್ಲಿ ಆ ಆಯಿಲನ್ನು ಪಂಪ್ ಹೀರಲಾರದೆ ಒದ್ದಾಡುತ್ತದೆ, ಹೀರಿಕೆ ಸಾಲದೆ ಒಳಗೆ ಸವೆಯುತ್ತದೆ. ಕಂಪನಿಯ ಪುಸ್ತಕದಲ್ಲಿ ಯಾವ ಗ್ರೇಡ್ ಬರೆದಿದೆಯೋ ಅದೇ ಹಾಕಿ.

ಮುಂದಿನದು ಕಿವಿಯ ಕೆಲಸ. ಭಾರ ಕಟ್ಟಿ, ಎಂಜಿನ್ ಸಣ್ಣಗೆ ಓಡುವಾಗ ಲಿವರ್ ಎತ್ತಿ. ಪಂಪ್ ಒತ್ತಡ ಕಟ್ಟುತ್ತಿದ್ದರೆ ಎಂಜಿನ್ ಸದ್ದು ಸ್ವಲ್ಪ ಭಾರವಾಗಬೇಕು. ಲಿಫ್ಟ್ ಏಳುತ್ತಿಲ್ಲ, ಎಂಜಿನ್ ಸದ್ದೂ ಬದಲಾಗುತ್ತಿಲ್ಲ ಅಂದರೆ ಪಂಪಿಗೆ ಆಯಿಲ್ ಸಿಗುತ್ತಿಲ್ಲ, ಇಲ್ಲವೇ ಪಂಪೇ ಸರಿಯಾಗಿ ತಿರುಗುತ್ತಿಲ್ಲ. ಹೀರುವ ಜಾಲರಿ ಕಟ್ಟಿಕೊಂಡಿರಬಹುದು, ಕಂಟ್ರೋಲ್ ವಾಲ್ವ್ ಅಂಟಿರಬಹುದು. ಪಂಪ್ ತಿರುಗುವುದು ರೋಟಾವೇಟರ್ ತಿರುಗಿಸುವ ಪಿಟಿಒ ಶಾಫ್ಟಿನಿಂದಲೇ, ಆದ್ದರಿಂದ ಡಬಲ್ ಕ್ಲಚ್ ಗಾಡಿಯಾದರೆ ಪಿಟಿಒ ಕಡೆಯ ಕ್ಲಚ್ ಪ್ಲೇಟ್ ಜಾರುತ್ತಿದ್ದರೂ ಹೀಗೇ ಆಗುತ್ತದೆ, ಪಂಪ್ ಬಿಚ್ಚಿ ನೋಡುವವರು ಇದನ್ನು ನೆನಪೇ ಮಾಡಿಕೊಳ್ಳುವುದಿಲ್ಲ. ನಿಮ್ಮ ರೋಟಾವೇಟರ್ ಮಣ್ಣಿನಲ್ಲಿ ಹದವಾಗಿ ತಿರುಗುತ್ತಿದೆ ಅಂದರೆ ಆ ಕ್ಲಚ್ ಸರಿ ಇದೆ. ಇನ್ನೊಂದು, ಕೆಲವು ಡ್ರೈವರುಗಳಿಗೆ ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಲಿಫ್ಟ್ ಎಳೆಯುವ ಅಭ್ಯಾಸ. ಪೆಡಲ್ ಪೂರ್ತಿ ಒತ್ತಿದರೆ ಈ ಗಾಡಿಯಲ್ಲಿ ಪಂಪೂ ನಿಲ್ಲುತ್ತದೆ.

ಸದ್ದು ಭಾರವಾಗಿಯೂ ಲಿಫ್ಟ್ ನಿಧಾನ ಅಂದರೆ ಪಂಪ್ ದುಡಿಯುತ್ತಿದೆ. ಒಂದೋ ದುಡಿದದ್ದು ಸೋರುತ್ತಿದೆ, ಇಲ್ಲವೇ ಭಾರವೇ ಹೆಚ್ಚಾಗಿದೆ. 1035ರ ಲಿಫ್ಟ್ ಶಕ್ತಿ 1100 ಕೆಜಿ ಅಂತ ಬರೆದಿರುವುದು ಕೆಳಗಿನ ಲಿಂಕ್‌ಗಳ ತುದಿಯ ಲೆಕ್ಕ. ರೋಟಾವೇಟರ್ 400 ಕೆಜಿ ಆಚೀಚೆ ಇದ್ದರೂ ಅದರ ಭಾರ ಲಿಂಕಿನ ತುದಿಯಿಂದ ಹಿಂದಕ್ಕೆ ಬೀಳುತ್ತದೆ, ಮೇಲೆ ಒದ್ದೆ ಕಪ್ಪು ಮಣ್ಣು ಮೆತ್ತಿಕೊಂಡಿರುತ್ತದೆ. ಹಾಗಿದ್ದರೂ ಲಿಫ್ಟ್ ಸರಿಯಿರುವ ಗಾಡಿ ಅದನ್ನು ಎತ್ತಲೇಬೇಕು, ಆದ್ದರಿಂದ ನಿಮ್ಮ ತೊಂದರೆ ಭಾರದ್ದಲ್ಲ. ಎತ್ತುವಾಗ ಮುಂದಿನ ಚಕ್ರ ಹಗುರವಾಗುವುದು ಮಾತ್ರ ಬೇರೆ ಸಮಸ್ಯೆ, ಅದಕ್ಕೆ ಮುಂದೆ ತೂಕ ಹಾಕಬೇಕು.

ಕೂರುವ ಪರೀಕ್ಷೆ ಹೀಗೆ ಮಾಡಿ. ಕಲ್ಟಿವೇಟರನ್ನು ಮೇಲೆತ್ತಿ ಎಂಜಿನ್ ಬಂದ್ ಮಾಡಿ, ಹಲ್ಲಿನಿಂದ ನೆಲಕ್ಕೆ ಟೇಪ್ ಹಿಡಿದು ಅಳೆಯಿರಿ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಬೆಳಿಗ್ಗೆ ತಣ್ಣಗಿರುವಾಗ ಒಮ್ಮೆ, ಮಧ್ಯಾಹ್ನ ಕೆಲಸ ಮಾಡಿ ಬಂದ ಕೂಡಲೇ ಇನ್ನೊಮ್ಮೆ. ಒಂದೆರಡು ಇಂಚು ಇಳಿದರೆ ಇಷ್ಟು ಹಳೇ ಗಾಡಿಗೆ ತಲೆಕೆಡಿಸಿಕೊಳ್ಳಬೇಡಿ. ಒಂದು ನಿಮಿಷದಲ್ಲಿ ನೆಲ ಮುಟ್ಟಿದರೆ ಸೋರಿಕೆ ದೊಡ್ಡದು. ಎಂಜಿನ್ ಓಡುತ್ತಿರುವಾಗಲೂ ಗಮನಿಸಿ: ಎತ್ತಿಟ್ಟ ಉಪಕರಣ ತಾನಾಗಿ ಸ್ವಲ್ಪ ಇಳಿದು ಮತ್ತೆ ಜಗ್ಗಿ ಮೇಲೇಳುತ್ತಿದೆಯಾ? ಸೋರಿ ಇಳಿದಷ್ಟನ್ನು ವಾಲ್ವ್ ಮತ್ತೆ ತುಂಬುತ್ತಿದೆ ಅಂತ ಅದರ ಅರ್ಥ. ಈ ತಲೆಯಾಡಿಸುವುದು ಎಷ್ಟು ಬೇಗ ಬೇಗ ಆದರೆ ಸೋರಿಕೆ ಅಷ್ಟು ಜಾಸ್ತಿ. ಇನ್ನೊಂದು ಬಗೆಯ ಜಗ್ಗಾಟವೂ ಇದೆ. ಎತ್ತುವಾಗಲೇ, ಅದೂ ಎಂಜಿನ್ ಸಣ್ಣಗಿರುವಾಗ, ಮೆಟ್ಟಿಲು ಹತ್ತಿದಂತೆ ನಿಂತು ನಿಂತು ಎದ್ದರೆ ನಾಲ್ಕರಲ್ಲಿ ಒಂದು ಪಿಸ್ಟನ್ನಿನ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ. ಅದು ಪಂಪಿನ ದೋಷವೇ.

ಒತ್ತಡ ಅಳೆಯುವ ಗೇಜ್ ಎಲ್ಲ ಮೇಸ್ತ್ರಿಗಳ ಹತ್ತಿರ ಇರುವುದಿಲ್ಲ, ಇದ್ದವರನ್ನು ಹುಡುಕಿಕೊಂಡು ಹೋಗುವುದು ಲಾಭ. ಟಿಪ್ಪಿಂಗ್ ಟ್ರೈಲರಿನ ಪೈಪ್ ಕೂರಿಸುವ ಪ್ಲಗ್ ಲಿಫ್ಟ್ ಕವರಿನ ಮೇಲೆ ಮುಂದಿನ ಮೂಲೆಯಲ್ಲಿದೆ ಅಲ್ವಾ, ಗೇಜ್ ಕೂರಿಸಬೇಕಾದದ್ದು ಅಲ್ಲೇ. 5000 ಪಿಎಸ್‌ಐ (ಒತ್ತಡದ ಅಳತೆ) ತನಕ ಓದುವ ಗೇಜ್ ಇರಲಿ. ಕೆಳಗಿನ ಲಿಂಕ್‌ಗಳು ಏಳದಂತೆ ಗಟ್ಟಿ ಸರಪಳಿಯಿಂದ ಡ್ರಾ ಬಾರಿಗೆ ಬಿಗಿದು, ಜನರನ್ನು ದೂರ ನಿಲ್ಲಿಸಿ, ಆಯಿಲ್ ಬಿಸಿಯಾಗಿರುವಾಗ ಲಿವರ್ ಎತ್ತಿ. ಈ ವಿನ್ಯಾಸದಲ್ಲಿ ರಿಲೀಫ್ ವಾಲ್ವ್ ಸುಮಾರು 2500 ಪಿಎಸ್‌ಐಗೆ ಬಿಡುತ್ತದೆ, ನಿಮ್ಮ ಮಾಡೆಲ್ಲಿನ ನಿಖರ ಅಂಕಿ ಪುಸ್ತಕದಲ್ಲಿ ಇರುತ್ತದೆ. ಮುಳ್ಳು ಬೇಗ ಆ ಮಟ್ಟಕ್ಕೆ ಹೋಗಿ ನಿಂತರೆ ಒತ್ತಡಕ್ಕೆ ಕೊರತೆ ಇಲ್ಲ, ನಿಧಾನಕ್ಕೆ ಕಾರಣ ಆಯಿಲ್ ಕಡಿಮೆ ಹೀರುವುದು ಅಥವಾ ಲಿಫ್ಟ್ ಶಾಫ್ಟ್ ಬುಷ್ ಬಿಗಿದುಕೊಂಡಿರುವುದು. ಎಷ್ಟು ರೇಸ್ ಕೊಟ್ಟರೂ ಮುಳ್ಳು ಒಂದೇ ಕಡಿಮೆ ಅಂಕಿಯಲ್ಲಿ ನಿಂತು ಒಳಗೆ ಕಿರ್ ಅಂತ ಸದ್ದು ಬಂದರೆ ರಿಲೀಫ್ ವಾಲ್ವಿನ ಸ್ಪ್ರಿಂಗ್ ಸೋತಿದೆ. ರೇಸ್ ಕೊಟ್ಟಾಗ ಏರಿ, ಬಿಟ್ಟಾಗ ಇಳಿದರೆ ಸೋರಿಕೆ. ನಿಮ್ಮದು ಈ ಕೊನೆಯ ಗುಂಪಿನದು ಅಂತ ನನ್ನ ಅಂದಾಜು.

ಗೇಜ್ ಸಿಗದಿದ್ದರೆ? ಟಾರ್ಚ್ ಸಾಕು. ನನ್ನನ್ನು ಕೇಳಿದರೆ ಗೇಜಿಗಿಂತ ಇದೇ ಒಳ್ಳೆಯ ಪರೀಕ್ಷೆ, ಯಾಕೆಂದರೆ ಗೇಜ್ ಸೋರಿಕೆ ಇದೆ ಅನ್ನುತ್ತದೆ, ಟಾರ್ಚ್ ಎಲ್ಲಿ ಸೋರುತ್ತಿದೆ ಅಂತ ತೋರಿಸುತ್ತದೆ. ಆಯಿಲನ್ನು ಸೈಡ್ ಕವರಿನ ಕೆಳಗಿನ ಮಟ್ಟಕ್ಕೆ ಇಳಿಸಿ, ಬಲಗಡೆಯ ಆಯಿಲ್ ಕಡ್ಡಿ ಇರುವ ಕವರ್ ಬಿಚ್ಚಿ. ಪಂಪ್ ಇನ್ನೂ ಆಯಿಲ್‌ನಲ್ಲಿ ಮುಳುಗಿರಬೇಕು, ಪೂರ್ತಿ ಖಾಲಿ ಮಾಡಿ ಓಡಿಸಬೇಡಿ. ಹಿಂದೆ ಭಾರ ಕಟ್ಟಿ, ಎಂಜಿನ್ ಸಣ್ಣಗೆ ಓಡಿಸಿ, ಲಿಫ್ಟ್ ಅರ್ಧ ಎತ್ತಿ ಒಳಗೆ ಬೆಳಕು ಬಿಡಿ. ಒಳಗೆ ಶಾಫ್ಟ್ ತಿರುಗುತ್ತಿರುತ್ತದೆ, ಕೈ, ಟವೆಲ್ಲು, ಸಡಿಲ ಅಂಗಿ ಹತ್ತಿರ ಬರಬಾರದು. ಸೋರುವ ಜಾಗವನ್ನು ಬೆರಳಿಂದ ಮುಟ್ಟಿ ನೋಡುವ ಹುಚ್ಚು ಅಂತೂ ಬೇಡವೇ ಬೇಡ. ಅಷ್ಟು ಒತ್ತಡದ ಆಯಿಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ಆದರೆ ಬೆರಳನ್ನೇ ಕಳೆದುಕೊಳ್ಳುವ ಗಾಯ ಅದು. ಹಾಗೇನಾದರೂ ಆದರೆ ನೋವಿಲ್ಲದಿದ್ದರೂ ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಏನು ಕಾಣುತ್ತದೆ? ಮೇಲಿನಿಂದ, ಸಿಲಿಂಡರಿನ ಹಿಂದಿನ ತೆರೆದ ಬಾಯಿಯಿಂದ ಆಯಿಲ್ ಧಾರೆಯಾಗಿ ಬೀಳುತ್ತಿದ್ದರೆ ಪಿಸ್ಟನ್ ರಿಂಗ್ ಅಥವಾ ಸಿಲಿಂಡರ್ ಗೋಡೆ ಹೋಗಿದೆ. ಸ್ಟ್ಯಾಂಡ್ ಪೈಪಿನ ಬುಡದಲ್ಲೋ ತಲೆಯಲ್ಲೋ ಚಿಮ್ಮುತ್ತಿದ್ದರೆ ಓ-ರಿಂಗ್. ವರ್ಷಗಟ್ಟಲೆ ಬಿಸಿಯಲ್ಲಿ ಬೆಂದು ಅವು ಗಟ್ಟಿಯಾಗಿ, ಉಗುರಲ್ಲಿ ಒತ್ತಿದರೆ ಪುಡಿಯಾಗುವಂತೆ ಆಗಿರುತ್ತವೆ. ಪಂಪಿನ ಮೈಯಿಂದಲೇ, ವಾಲ್ವ್ ಕೂರುವ ಜಾಗದಿಂದ ಚಿಮ್ಮಿದರೆ ಪಂಪ್ ಬಿಚ್ಚಬೇಕು. ಎಲ್ಲೂ ಏನೂ ಚಿಮ್ಮುತ್ತಿಲ್ಲ, ಆದರೂ ಲಿಫ್ಟ್ ಕೂರುತ್ತಿದೆ ಅಂದರೆ ಕಂಟ್ರೋಲ್ ವಾಲ್ವ್ ಅಥವಾ ಅದರ ಸೀಲುಗಳ ಮೇಲೆ ಅನುಮಾನ ಪಡಿ, ಅಲ್ಲಿಂದ ಸೋರುವುದು ಆಯಿಲ್ ಒಳಗೇ ಆಗುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ರಿಪೇರಿಗೆ ಬರೋಣ. ಓ-ರಿಂಗ್ ಆದರೆ ನಿಮ್ಮ ಅದೃಷ್ಟ, ಸಾಮಾನಿನ ಖರ್ಚು ಏನೇನೂ ಅಲ್ಲ. ಲಿಫ್ಟ್ ಕವರ್ ಎತ್ತುವ ಮೊದಲು ಮೇಲಿನ ಕ್ಯಾಪ್ ಬಿಚ್ಚಿ ಸ್ಟ್ಯಾಂಡ್ ಪೈಪನ್ನು ಎಳೆದು ತೆಗೆಯಬೇಕು, ಮರೆತು ಕವರ್ ಜಗ್ಗಿದರೆ ಪೈಪ್ ಬಾಗುತ್ತದೆ. ಎಷ್ಟೋ ಸಲ ಕವರ್ ಎತ್ತುವುದೇ ಬೇಡ, ಪೈಪ್ ಎಳೆದು ರಿಂಗ್ ಬದಲಿಸಿ ವಾಪಸ್ ಕೂರಿಸಿ ನೋಡಬಹುದು. ನಾನಾದರೆ ಮೊದಲು ಇಷ್ಟು ಮಾತ್ರ ಮಾಡಿ ಒಂದು ದಿನ ಹೊಲದಲ್ಲಿ ಓಡಿಸಿ ನೋಡುತ್ತೇನೆ.

ಪಿಸ್ಟನ್ ಆದರೆ ಕವರ್ ಎತ್ತಲೇಬೇಕು. ಕೈಯಲ್ಲಿ ಎತ್ತುವ ಭಾರವಲ್ಲ, ಚೈನ್ ಬ್ಲಾಕ್ ಬೇಕು. ಸಿಲಿಂಡರ್ ಒಳಗೆ ಬೆರಳಾಡಿಸಿ: ಉಗುರಿಗೆ ಸಿಗುವಷ್ಟು ಗೀರು ಇದ್ದರೆ ಬರೀ ರಿಂಗ್ ಹಾಕಿ ಪ್ರಯೋಜನವಿಲ್ಲ, ಸಿಲಿಂಡರೂ ಪಿಸ್ಟನ್ನೂ ಒಟ್ಟಿಗೆ ಹೊಸದು ಹಾಕಿ. ಸಿಲಿಂಡರಿನಲ್ಲಿ ಕೂದಲೆಳೆಯ ಬಿರುಕು ಇರುವುದೂ ಉಂಟು, ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ನೋಡಿ. ಹೊಸ ಪಿಸ್ಟನ್ನಿಗೆ ಓ-ರಿಂಗ್ ಜೊತೆ ಬ್ಯಾಕಪ್ ರಿಂಗ್ ಬಂದರೆ, ಓ-ರಿಂಗ್ ಒತ್ತಡದ ಕಡೆಗೆ, ಬ್ಯಾಕಪ್ ರಿಂಗ್ ಅದರ ಹಿಂದೆ ಇರಬೇಕು. ಉಲ್ಟಾ ಹಾಕಿದರೆ ರಬ್ಬರ್ ಸಂದಿಯೊಳಗೆ ಕಚ್ಚಿಕೊಂಡು ಕೆಲವೇ ದಿನದಲ್ಲಿ ಹರಿಯುತ್ತದೆ. ಕವರ್ ಹೇಗೂ ಬಿಚ್ಚಿದ್ದೀರಿ, ಲಿಫ್ಟ್ ಶಾಫ್ಟಿನ ಬುಷ್ ಮತ್ತು ಸೀಲ್ ಆಗಲೇ ನೋಡಿಬಿಡಿ.

ರಿಲೀಫ್ ವಾಲ್ವಿನ ವಿಷಯಕ್ಕೆ ಒಂದು ಮಾತು. ಸ್ಪ್ರಿಂಗ್ ಕೆಳಗೆ ವಾಷರ್ ತುರುಕಿ ಲಿಫ್ಟ್ "ಜೋರು" ಮಾಡಿಕೊಡುವವರು ಇದ್ದಾರೆ. ಒಪ್ಪಬೇಡಿ. ಆ ವಾಲ್ವ್ ಬಿಡದಿದ್ದರೆ ಗುಂಡಿಯಲ್ಲಿ ಗಾಡಿ ಕುಕ್ಕಿದಾಗಿನ ಒತ್ತಡ ಸಿಲಿಂಡರಿನ ಮೇಲೆ ಬೀಳುತ್ತದೆ, ಅದು ಸೀಳುತ್ತದೆ. ಹೊಸ ವಾಲ್ವ್ ಇಡಿಯಾಗಿ ಸಿಗುತ್ತದೆ, ಅದನ್ನೇ ಹಾಕಿ.

ಪಂಪೇ ಆಗಿದ್ದರೆ, ಪಿಟಿಒ ಶಾಫ್ಟ್ ಹಿಂದಕ್ಕೆ ಎಳೆದು, ಹೌಸಿಂಗಿನ ಎರಡೂ ಬದಿಯಲ್ಲಿ ಪಂಪನ್ನು ಹಿಡಿದಿರುವ ಡೋವೆಲ್ ಪಿನ್ ಬಿಚ್ಚಿ, ಪಂಪನ್ನು ಮೇಲಕ್ಕೆ ತೆಗೆಯಬೇಕು. ಬಿಚ್ಚಿದ ಮೇಲೆ ನೀವೂ ಪಕ್ಕದಲ್ಲಿ ನಿಂತು ನೋಡಿ. ಪಿಸ್ಟನ್ ಓಡುವ ಜಾಗ ನುಣುಪಾಗಿದ್ದು, ವಾಲ್ವ್, ಸ್ಪ್ರಿಂಗ್, ಸೀಲು ಮಾತ್ರ ಸವೆದಿದ್ದರೆ ರಿಪೇರಿ ಕಿಟ್ ಸಾಕು. ಪಿಸ್ಟನ್ ಗೀರಿದ್ದು, ಕ್ಯಾಮ್ ಬುಷ್ ಸಡಿಲವಾಗಿ ಕೈಯಲ್ಲೇ ಆಡುತ್ತಿದ್ದರೆ ಕಿಟ್‌ಗೆ ದುಡ್ಡು ಹಾಕಬೇಡಿ, ಆಗ ಮಾತ್ರ ನಿಮ್ಮ ಮೇಸ್ತ್ರಿ ಹೇಳಿದಂತೆ ಹೊಸ ಪಂಪ್ ತನ್ನಿ. ಅಸಲಿ ಕಂಪನಿ ಸಾಮಾನು ದುಬಾರಿ ಅನ್ನಿಸಬಹುದು. ಲೋಕಲ್ ಕಂಟ್ರೋಲ್ ವಾಲ್ವ್ ಹಾಕಿದ ಪಂಪ್ ಮೊದಲ ದಿನದಿಂದಲೇ ಕೂರುವುದನ್ನು ಬೇಕಾದಷ್ಟು ನೋಡಿದ್ದೇನೆ, ಈ ಒಂದು ಭಾಗದಲ್ಲಿ ಮಾತ್ರ ಉಳಿತಾಯ ಬೇಡ.

ವಾಪಸ್ ಜೋಡಿಸುವಾಗ ಆಗುವ ಎಡವಟ್ಟು ಯಾವಾಗಲೂ ಒಂದೇ. ಲಿಫ್ಟ್ ಕವರಿನಿಂದ ಕೆಳಗೆ ಇಳಿಯುವ ಉದ್ದನೆಯ ಲಿವರ್ ಪಂಪಿನ ಕಂಟ್ರೋಲ್ ವಾಲ್ವನ್ನು ಸರಿಯಾಗಿ ಹಿಡಿಯಬೇಕು. ಕವರ್ ಇಳಿಸುವಾಗ ಅದು ಪಕ್ಕಕ್ಕೆ ಸರಿದರೆ ಲಿಫ್ಟ್ ಏಳುವುದೇ ಇಲ್ಲ, ಇಲ್ಲಾ ಎದ್ದದ್ದು ಇಳಿಯುವುದಿಲ್ಲ, ಎಲ್ಲರೂ ಹೊಸ ಪಂಪನ್ನು ಬೈಯಲು ಶುರು ಮಾಡುತ್ತಾರೆ. ಬೋಲ್ಟ್ ಬಿಗಿಯುವ ಮೊದಲೇ ಸೈಡ್ ಕವರಿನ ಬಾಯಿಯಿಂದ ಟಾರ್ಚ್ ಹಾಕಿ, ಮೇಲಿನ ಲಿವರ್ ಆಡಿಸಿದಾಗ ಕೆಳಗೆ ವಾಲ್ವ್ ಹಿಂದೆ ಮುಂದೆ ಹೋಗುತ್ತಿದೆಯಾ ಅಂತ ನೋಡಿಸಿ. ಹಾಗೇ ಟಾಪ್ ಲಿಂಕ್ ಕೂರುವ ಹಿಂದಿನ ದಪ್ಪ ಸ್ಪ್ರಿಂಗ್ ಹಿಡಿದು ಎಳೆದು ತಳ್ಳಿ. ಹಿಂದೆ ಮುಂದೆ ಆಟ ಇರಬಾರದು. ಅಲ್ಲಿ ಸಡಿಲ ಇದ್ದರೆ ನೇಗಿಲು ಹೊಡೆಯುವಾಗ ಆಳ ಒಂದೇ ಸಮ ನಿಲ್ಲುವುದಿಲ್ಲ, ಜನ ಅದನ್ನೂ ಲಿಫ್ಟ್ ವೀಕ್ ಅಂತಲೇ ಕರೆಯುತ್ತಾರೆ. ರೋಟಾವೇಟರಿಗೆ ಎತ್ತರ ಹಿಡಿದಿಡುವ ಪೊಸಿಷನ್ ಲಿವರನ್ನೇ ಬಳಸಿ, ಡ್ರಾಫ್ಟ್ ಲಿವರ್ ನೇಗಿಲಿಗೆ.

ನಿಮ್ಮ ಮೇಸ್ತ್ರಿಗೆ ಹೀಗೆ ಹೇಳಿ: ಮೊದಲು ಆಯಿಲ್ ನೋಡೋಣ, ಆಮೇಲೆ ಸೈಡ್ ಕವರ್ ಬಿಚ್ಚಿ ಸೋರುವ ಜಾಗ ತೋರಿಸಿ, ತೋರಿಸಿದ ಮೇಲೆ ಸಾಮಾನು ತರುತ್ತೇನೆ. ಕೆಲಸ ಬಲ್ಲ ಮೇಸ್ತ್ರಿ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಲಿಫ್ಟ್ ಬಿಚ್ಚಿರುವಾಗ ಯಾರೂ ಕಟ್ಟಿದ ಉಪಕರಣದ ಕೆಳಗೆ ಹೋಗದಂತೆ ನೋಡಿಕೊಳ್ಳಿ, ಎತ್ತಿದ ರೋಟಾವೇಟರಿಗೆ ಲಿಫ್ಟನ್ನು ನಂಬದೆ ಮರದ ದಿಮ್ಮಿ ಕೊಡಿ. ಎಲ್ಲ ಮುಗಿದು ಹೊಸ ಆಯಿಲ್ ಹಾಕಿದ ಮೇಲೆ ಗೇರ್ ಲಿವರಿನ ಬುಡದ ರಬ್ಬರ್ ಬೂಟ್ ಹರಿದಿದೆಯಾ ನೋಡಿ, ಮಳೆ ನೀರು ಇಳಿಯುವುದು ಬಹುತೇಕ ಅಲ್ಲಿಂದಲೇ. ಹರಿದಿದ್ದರೆ ಅದೇ ದಿನ ಬದಲಿಸಿ.